ಪೆಟ್ಟಿಗೆಯಲ್ಲಿ ಸಿಕ್ಕ ಸ್ಲೇಟು

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಬೃಂದಾ ಆಫೀಸಿನ ಬೀರು ತೆಗೆದಳು. ಟ್ಯಾಬ್ಲೆಟ್ಟಿನ ದೊಡ್ಡ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿದಳು. ಒಳಗಿದ್ದದ್ದು ಸ್ಲೇಟು.

ಕಲ್ಲಿನ ಸ್ಲೇಟು. ಮರದ ಚೌಕಟ್ಟು, ಮೂಲೆಗೆ ತಗಡಿನ ಪಟ್ಟಿ. ಒಂದನೇ ಕ್ಲಾಸಿನಲ್ಲಿ ಎಂಜಲು ಹಚ್ಚಿ ಒರೆಸುತ್ತಿದ್ದಳಲ್ಲ, ಅಂಥದ್ದೇ. ಎತ್ತುವಾಗ ಪೆಟ್ಟಿಗೆಯ ತೂಕ ಸರಿಯಾಗಿಯೇ ಇತ್ತು, ಅದಕ್ಕೇ ಅನುಮಾನ ಬಂದಿರಲಿಲ್ಲ. ಟ್ಯಾಬ್ಲೆಟ್ಟು ಇಲ್ಲ. ಅದರ ಪೆನ್ನು ಇಲ್ಲ. ವೈರೂ ಇಲ್ಲ.

"ರಾಚಮ್ಮ, ಬೀರು ಯಾರಾದ್ರೂ ತೆಗ್ದಿದ್ರಾ?"

ಕಸ ಗುಡಿಸುತ್ತಿದ್ದ ರಾಚಮ್ಮ ಪೊರಕೆ ಗೋಡೆಗೆ ಒರಗಿಸಿ ಬಂದಳು. ಪೆಟ್ಟಿಗೆಯೊಳಗೆ ಇಣುಕಿದಳು.

"ಇಲ್ಲ ಕಣವ್ವ. ನಾನಂತೂ ಮುಟ್ನಿಲ್ಲ. ಯಾಕವ್ವ, ಇದೇ ಅಲ್ವಾ ಆ ವಯ್ಯ ತಂದಿದ್ದು?"

ಪಾಪ, ಅವಳು ಆ ವಸ್ತುವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಕಪ್ಪಗಿತ್ತು, ಅಗಲವಾಗಿತ್ತು, ಬರೆಯುವಂಥದ್ದು ಅಂತ ಮಾತ್ರ ಗೊತ್ತು. ಬೃಂದಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಏಕೆಂದರೆ ಆ ಬೀರುವಿಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ಅವಳ ಬ್ಯಾಗಿನಲ್ಲಿ, ಇನ್ನೊಂದು ರಾಚಮ್ಮನ ಗೊಂಚಲಿನಲ್ಲಿ.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ಹುಣಸೂರಿನ ಬೆಳಕು ಟ್ಯುಟೋರಿಯಲ್ಸ್‌ನವರಿಗೆ ಆಗತಾನೆ ಬ್ರಾಡ್‌ಬ್ಯಾಂಡ್ ಬಂದಿತ್ತು, ಅದರ ಹಿಂದೆಯೇ ಒಂದು ದೊಡ್ಡ ಆಸೆಯೂ ಬಂದಿತ್ತು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಒಂದೊಂದು ರೂಮು ಹಿಡಿದು, ಹುಣಸೂರಿನಲ್ಲಿ ಮೇಷ್ಟ್ರು ಮಾಡುವ ಪಾಠವನ್ನು ಅಲ್ಲೆಲ್ಲ ಗೋಡೆಯ ಮೇಲೆ ಮೂಡಿಸುವುದು. ಮೊದಲು ಕರಿಹಲಗೆಯ ಮುಂದೆ ಕ್ಯಾಮರಾ ಇಟ್ಟು ನೋಡಿದರು. ಸೀಮೆಸುಣ್ಣದ ಅಕ್ಷರ ಪಿರಿಯಾಪಟ್ಟಣ ಮುಟ್ಟುವಷ್ಟರಲ್ಲಿ ಕಲಸುಮೇಲೋಗರ. ಮೌಸ್ ಹಿಡಿದು ಬರೆದರು. ಕೋಳಿ ಕೆದರಿದ ಹಾಗೆ ಬಂತು. ಕೊನೆಗೆ, ಟ್ಯಾಬ್ಲೆಟ್ಟು ಅಂತ ಬರೆಯಲೆಂದೇ ಇರುವ ಹಲಗೆ ಸಿಗುತ್ತದೆ, ಪೆನ್ನಿನಲ್ಲಿ ಅದರ ಮೇಲೆ ಬರೆದರೆ ಅಕ್ಷರ ಅದರಲ್ಲಲ್ಲ, ಕಂಪ್ಯೂಟರಿನಲ್ಲಿ ಮೂಡುತ್ತದೆ ಎಂದು ಬೃಂದಾ ಹೇಳಿದಳು. ಅವಳು ಅಲ್ಲಿ ವಿಜ್ಞಾನದ ಟೀಚರ್. ಆರಿಸುವ ಜವಾಬ್ದಾರಿಯೂ ಅವಳ ತಲೆಗೇ ಬಂತು.

ಶುಕ್ರವಾರ ಮೈಸೂರಿನ ಅಂಗಡಿಯ ಶಶಿಕುಮಾರ್ ಎರಡು ನಮೂನೆ ತಂದಿದ್ದ. ಒಂದು ಅಂಗೈಯಗಲದ್ದು, ಅಗ್ಗದ್ದು. ಪೆನ್ನಿಗೆ ಸೆಲ್ ಹಾಕಬೇಕು, ಬರೆದ ಗೆರೆ ಒಂದು ಗಳಿಗೆ ತಡೆದು ಮೂಡುತ್ತದೆ. ಇನ್ನೊಂದು ನೋಟ್‌ಬುಕ್ಕಿನಷ್ಟು ದೊಡ್ಡದು. ಪೆನ್ನಿಗೆ ಸೆಲ್ಲೂ ಬೇಡ, ಒತ್ತಿದರೆ ದಪ್ಪ, ತೇಲಿಸಿದರೆ ಸಣ್ಣ.

ಬೃಂದಾ ಚಿಕ್ಕದರ ಪೆನ್ನು ಹಿಡಿದು ಸರ್ರನೆ ಏನೋ ಗೀಚಲು ಹೋದಳು. ಹಿಂದಿನಿಂದ ಗಣಿತದ ಗುರುಸ್ವಾಮಿ ಮೇಷ್ಟ್ರ ದನಿ ಬಂತು.

"ಹೊಸ ಲೇಖನಿ ಕಣಮ್ಮ. ಮೊದ್ಲು ಶ್ರೀ ಹಾಕು."

ಹತ್ತು ವರ್ಷದ ಹಿಂದೆ ಇದೇ ಮೇಷ್ಟ್ರ ಕೈಯಲ್ಲಿ ಕಲಿತವಳು ಬೃಂದಾ. ಹೊಸ ಪೆನ್ನಿನಲ್ಲಿ ಶ್ರೀ ಹಾಕದೆ ಲೆಕ್ಕ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ಅವರು. ಅವಳು ನಾಲಿಗೆ ಕಚ್ಚಿಕೊಂಡು ಶ್ರೀ ಬರೆದಳು. ಇಷ್ಟೇ ಇಷ್ಟು ಜಾಗದಲ್ಲಿ ಒತ್ತೂ ದೀರ್ಘವೂ ಒಂದರ ಮೇಲೊಂದು ಬಿದ್ದವು.

"ದೊಡ್ಡದೇ ಬೇಕು ಸಾರ್," ಎಂದಳು.

"ಚಿಕ್ಕದೇ ಸಾಕು," ಎಂದರು ಟ್ಯುಟೋರಿಯಲ್ಸ್ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಚಲುವರಾಜು. ಅವರು ಹೊಗೆಸೊಪ್ಪು ಬೆಳೆಯುವವರು. ಟ್ಯಾಬ್ಲೆಟ್ಟನ್ನೂ ಸೊಪ್ಪಿನ ಹದ ನೋಡುವಂತೆ ಬೆರಳಲ್ಲಿ ತಿಕ್ಕಿ ನೋಡಿದ್ದರು.

"ಎರಡೂ ಬೇಡ," ಎಂದರು ಗುರುಸ್ವಾಮಿ. "ಈ ಕರೆಂಟ್ ಸ್ಲೇಟನ್ನ ನಾನು ಮುಟ್ಟೋದೇ ಇಲ್ಲ. ಸೀಮೆಸುಣ್ಣ ಸಿಗೋ ತನ್ಕ ನನಗೆ ಬೋರ್ಡೇ ಸಾಕು."

"ಮುಟ್ಟದೆ ಇದ್ರೆ ಹೆಂಗೆ ಮೇಷ್ಟ್ರೇ? ನಾಲ್ಕೂರಿಗೂ ಗಣಿತ ನೀವೇ ಅಲ್ವಾ? ಆಗಲ್ಲ ಅಂದ್ರೆ ಹೇಳಿ, ಮೈಸೂರಿಂದ ಯಾರಾದ್ರೂ ಹುಡುಗನ್ನ ಕರೆಸೋಣ."

ಗುರುಸ್ವಾಮಿ ಬೆರಳಿಗೆ ಅಂಟಿದ ಸೀಮೆಸುಣ್ಣ ಒರೆಸಿಕೊಂಡರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಗಿ, ಬುಧವಾರ ಎಲ್ಲರೂ ಕೂತು ಬರೆದು ನೋಡಿ ತೀರ್ಮಾನಿಸುವುದೆಂದು ಮಾತಾಯಿತು. ದೊಡ್ಡದರ ಮೇಲೆ ಟ್ಯುಟೋರಿಯಲ್ಸಿನವರು ಯಾರೂ ಒಂದು ಗೆರೆ ಕೂಡ ಎಳೆದಿರಲಿಲ್ಲ. ಎರಡೂ ಪೆಟ್ಟಿಗೆ ಬೀರು ಸೇರಿದ್ದವು.

ಈಗ ಆ ದೊಡ್ಡದೇ ಕಾಣೆ.

ಹತ್ತು ಗಂಟೆಗೆ ಚಲುವರಾಜು ಬಂದರು. ಪೆಟ್ಟಿಗೆ ನೋಡಿದರು. ಸ್ಲೇಟು ಎತ್ತಿ ತಿರುಗಿಸಿದರು.

"ಇದು ನಮ್ಮದೇ ಸ್ಲೇಟು. ಹಿಂದೆ ವಯಸ್ಕರ ಶಿಕ್ಷಣ ನಡೆಸ್ತಿದ್ದಾಗ ತಂದಿದ್ದು. ಸ್ಟಾಫ್ ರೂಮಿನ ಮೂಲೇಲಿ ರಾಶಿ ಬಿದ್ದಿರೋದು." ಸ್ಲೇಟು ಹಿಡಿದೇ ವರಾಂಡಕ್ಕೆ ಬಂದು ರಾಚಮ್ಮನನ್ನು ಕೇಳಿದರು, "ಆ ಸ್ಲೇಟಿನ ಮೇಲೆ ಸಹಿ ಹಾಕೋದು ಕಲಿತವಳು ಯಾರಮ್ಮ?"

ರಾಚಮ್ಮ ತಲೆ ತಗ್ಗಿಸಿದಳು. "ನಾನೇಯ ಸಾಮಿ."

"ಬೀರು ಬೀಗದ ಕೈ ಇರೋದು?"

"ನನ್ತಾವ್ಲೇಯ. ಆದ್ರೆ—"

"ಆದ್ರೆ ಏನು? ಬುಧವಾರ ಸಂಜೆ ತನ್ಕ ಟೈಮ್. ವಸ್ತು ಬಂದು ಕೂತ್ಕೊಂಡ್ರೆ ಸರಿ. ಇಲ್ಲಾಂದ್ರೆ ಕೆಲಸಾನೂ ಇಲ್ಲ, ಸ್ಟೇಷನ್‌ನಲ್ಲಿ ಕಂಪ್ಲೇಂಟೂ ಕೊಡ್ತೀನಿ."

ಇದನ್ನು ಅವರು ಆಫೀಸಿನೊಳಗೆ ಹೇಳಲಿಲ್ಲ. ವರಾಂಡದಲ್ಲಿ, ಹತ್ತನೇ ತರಗತಿಯ ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದಾಗ, ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಸಾಲಿನಲ್ಲಿ ರಾಚಮ್ಮನ ಮಗಳು ಪುಟ್ಟಿಯೂ ಇದ್ದಳು. ಹನ್ನೆರಡು ವರ್ಷ ಒಂದು ಸೀಮೆಸುಣ್ಣದ ತುಂಡನ್ನೂ ಮನೆಗೆ ಒಯ್ಯದ ಹೆಂಗಸು ಮಗಳ ಮುಂದೆಯೇ ಕಳ್ಳಿಯಾದಳು. 

ಹತ್ತೂವರೆಗೆ ಗುರುಸ್ವಾಮಿ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಬಂದರು. ಬಗಲಲ್ಲಿ ಯಾವಾಗಲೂ ಇರುವ ಬಟ್ಟೆಯ ಚೀಲ.

"ಹೊಸ ಅಗ್ರಹಾರಕ್ಕೆ ತಂಗಿ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಸ್ಸು ಕೈಕೊಡ್ತು. ಏನಾಯ್ತು, ಯಾಕೆ ಎಲ್ಲಾ ಇಲ್ಲಿ ನಿಂತಿದೀರಿ?"

ವಿಷಯ ಕೇಳಿ ಅವರು ಕುರ್ಚಿಯಲ್ಲಿ ಕೂತುಬಿಟ್ಟರು. ಒಂದು ಲೋಟ ನೀರು ಕೇಳಿದರು. ರಾಚಮ್ಮನೇ ತಂದುಕೊಟ್ಟಳು.

ಮಧ್ಯಾಹ್ನ ಬೃಂದಾ ಊಟಕ್ಕೆ ಮನೆಗೆ ಹೋಗದೆ ದೊಡ್ಡಮ್ಮನ ಮನೆಗೆ ಹೋದಳು. ಸೋಮಮ್ಮ, ರಿಟೈರಾದ ಹೈಸ್ಕೂಲು ಹೆಡ್‌ಮಿಸ್ಸು. ಆದರೆ ಈ ನಾಲ್ಕು ತಾಲ್ಲೂಕಿನಲ್ಲಿ ಅವರಿಗೆ ಸ್ಕ್ವಾಡ್ ಸೋಮಮ್ಮ ಎಂದೇ ಹೆಸರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸ್ಕ್ವಾಡಿನಲ್ಲಿ ಅವರ ಜೀಪು ಗೇಟಿನೊಳಗೆ ಬಂತೆಂದರೆ ಕಿಟಕಿಯಾಚೆ ಚೀಟಿಗಳ ಮಳೆ ಸುರಿಯುತ್ತಿತ್ತಂತೆ.

ದೊಡ್ಡಮ್ಮ ಅವರೆಕಾಯಿ ಸುಲಿಯುತ್ತ ಶುಕ್ರವಾರದಿಂದ ಹಿಡಿದು ಎಲ್ಲ ಕೇಳಿಸಿಕೊಂಡರು.

"ಪೆಟ್ಟಿಗೆ ಅಲ್ಲೇ ಇದೆ ಅಂದೆ. ಅದರೊಳಗೆ ಇನ್ನೇನೇನಿತ್ತು ಮಗ?"

"ಬಳಸೋ ವಿಧಾನದ ಪುಸ್ತಕ, ಗ್ಯಾರಂಟಿ ಕಾರ್ಡು. ಎರಡೂ ಇದಾವೆ."

"ಇನ್ನೇನೂ ಇರ್ಲಿಲ್ವ?"

ಬೃಂದಾ ಯೋಚಿಸಿದಳು. "ಒಂದು ಸಿ.ಡಿ. ಇತ್ತು. ಕಂಪ್ಯೂಟರಿಗೆ ಹಾಕ್ಬೇಕಾದ್ದು. ಅದು— ಅದು ಇಲ್ಲ ದೊಡ್ಡಮ್ಮ."

"ನೋಡು ಮತ್ತೆ. ಮಾರೋನಾಗಿದ್ರೆ ಪೆಟ್ಟಿಗೆ, ಗ್ಯಾರಂಟಿ ಕಾರ್ಡು ಬುಟ್ಟು ಹೋಗ್ತಿದ್ನಾ? ಅವಿಲ್ದೆ ಯಾರು ಕೊಳ್ತಾರೆ? ಇವನು ಅವೆರಡೂ ಬುಟ್ಟು, ಸಿ.ಡಿ. ಮಾತ್ರ ತಗೊಂಡವ್ನೆ. ಇವನು ಮಾರೋನಲ್ಲ. ಬರಿಯೋನು."

"ರಾಚಮ್ಮಂಗೆ ಓದೋಕೇ ಬರಲ್ಲ."

"ಅದೇ ನಾನೂ ಹೇಳ್ತಿರೋದು. ತೂಕಕ್ಕೆ ಸ್ಲೇಟು ಬೇರೆ ಇಟ್ಟವ್ನೆ. ಯಾಕೆ? ಒಂದೆರಡು ದಿನ ಯಾರ್ಗೂ ಗೊತ್ತಾಗ್ಬಾರ್ದು, ಆಮೇಲೆ ತಂದಿಡೋಣ ಅಂತ. ನಾಳೆ ಬತ್ತೀನಿ. ನಿಮ್ಮ ಚಲುವರಾಜು ನಮ್ಮ ಸ್ಕೂಲಲ್ಲೇ ಓದಿದ್ದು. ಇಲ್ಲ ಅನ್ನಲ್ಲ."

ಇಲ್ಲ ಎನ್ನಲಿಲ್ಲ. ಮಂಗಳವಾರ ಬೆಳಿಗ್ಗೆ ಸೋಮಮ್ಮ ಬಂದು ಸ್ಟಾಫ್ ರೂಮಿನಲ್ಲಿ ಕೂತಾಗ ಚಲುವರಾಜು ಎದ್ದು ನಿಂತೇ ಮಾತಾಡಿದರು.

"ಭಾನುವಾರ ರಜ. ಶನಿವಾರ ನೀನೆಲ್ಲಿದ್ದೆಯಪ್ಪ?"

"ಇಲ್ಲೇ ಬಂದಿದ್ದೆ ಮೇಡಂ, ಹನ್ನೊಂದು ಗಂಟೆಗೆ. ಆಮೇಲೆ ಹೊಗೆಸೊಪ್ಪಿನ ಹರಾಜಿಗೆ ಹೋದೆ."

"ನಿನಗೆ ಚಿಕ್ಕದು ಬೇಕಿತ್ತಂತೆ. ದೊಡ್ಡದು ಕಳೆದುಹೋದ್ರೆ ಚಿಕ್ಕದೇ ಉಳೀತದೆ, ಅಲ್ವಾ?"

ಚಲುವರಾಜುವಿನ ಮುಖ ಕೆಂಪಾಯಿತು. "ಕಳೆದುಹೋದದ್ದಕ್ಕೆ ದುಡ್ಡು ಕಟ್ಟೋನು ನಾನೇ ಮೇಡಂ. ಎರಡಕ್ಕೂ ಕಟ್ಬೇಕು."

"ಹೌದಪ್ಪ, ಅದೂ ಸರಿ. ಹೋಗು."

ಶಶಿಕುಮಾರ್ ಮೈಸೂರಿನಿಂದ ಬಂದಿದ್ದ. ಅವನ ಮೇಲೆ ಬೃಂದಾಳಿಗೆ ಮೊದಲಿನಿಂದಲೂ ಸಂಶಯ. ಶನಿವಾರ, ಕರೆಯದಿದ್ದರೂ ಬಂದಿದ್ದ.

"ಯಾಕೆ ಬಂದಿದ್ದೆ?" ಎಂದರು ಸೋಮಮ್ಮ.

"ಪಿರಿಯಾಪಟ್ಟಣಕ್ಕೆ ಹೊರಟಿದ್ದೆ ಮೇಡಂ. ದಾರೀಲಿ, ಆರ್ಡರ್ ಏನಾಯ್ತು ಅಂತ ಕೇಳೋಣ ಅಂತ."

"ಕಳೆದುಹೋದ್ರೆ ನಿನಗೆ ಲಾಭ. ನಮೂನೆಗೆ ತಂದಿದ್ದೂ ಮಾರಾಟ ಆದ ಹಾಗೆ."

"ಅಯ್ಯೋ, ಬಿಲ್ ಹಾಕ್ದೆ ಕೊಟ್ಟಿದ್ದು ಮೇಡಂ. ಇವರು ದುಡ್ಡು ಕಟ್ಟೋವರೆಗೂ ನನ್ನ ಸಂಬಳದಲ್ಲೇ ಹಿಡೀತಾರೆ. ಮಾಲೀಕರು ನಿನ್ನೆಯಿಂದ ಬಯ್ತಾನೇ ಇದಾರೆ." ಹುಡುಗನ ದನಿ ಸಣ್ಣಗಾಯಿತು.

ಸೋಮಮ್ಮ ರಾಚಮ್ಮನನ್ನು ಕೂರಿಸಿ ಕೇಳಿದರು. ಅವಳು ಕುರ್ಚಿಯ ತುದಿಯಲ್ಲಿ ಕೂತಳು.

"ಶನಿವಾರ ನಿನ್ನ ಗೊಂಚಲು ಎಲ್ಲಿತ್ತವ್ವ?"

"ಸೊಂಟ್ದಲ್ಲೇ ಕಣ್ರವ್ವ ಯಾವಾಗ್ಲೂವೆ. ಟೀ ತರಕ್ಕೆ ಹೋಗೋವಾಗ ಮಾತ್ರ ಮೊಳೆಗೆ ನೇತಾಕ್ತೀನಿ. ಫ್ಲಾಸ್ಕು ಇಡ್ಕಂಡ್ರೆ ಗೊಂಚಲು ತೊಡರ್ತದೆ."

"ಟೀ ತರಕ್ಕೆ ಎಷ್ಟೊತ್ತು?"

"ಕಾಲ್ಗಂಟೆ. ಆಗ ಆಫೀಸ್ನಲ್ಲಿ ಯಾರಿದ್ರು ಅಂತ ನಾನೆಂಗೆ ಏಳ್ಲಿ? ಎಲ್ರೂ ಓಡಾಡ್ತಿದ್ರು." ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನನ್ನ ಪುಟ್ಟಿ ನೆನ್ನೆ ರಾತ್ರೆ ಉಣ್ನಿಲ್ಲ ಕಣ್ರವ್ವ. 'ಅವ್ವಾ, ನಿಜ ಏಳು' ಅಂದ್ಲು. ಎತ್ತ ಮಗಳೇ ಅಂಗಂದ್ರೆ ಇನ್ಯಾರು ನಂಬ್ತಾರೆ?"

ಸೋಮಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಅವಳ ಕೈ ಹಿಡಿದುಕೊಂಡರು.

ಕೊನೆಯವರು ಗುರುಸ್ವಾಮಿ ಮೇಷ್ಟ್ರು.

"ನಾನು ಅದನ್ನ ಮುಟ್ಟೇ ಇಲ್ಲ ಸೋಮಮ್ಮನೋರೇ. ಶುಕ್ರವಾರಾನೇ ಎಲ್ಲರ ಮುಂದೆ ಹೇಳಿದೀನಿ."

"ತಂಗಿ ಮನೆಗೆ ಹೋಗಿದ್ರಂತೆ?"

"ಶನಿವಾರ ಮಧ್ಯಾಹ್ನ ಹೋದೆ. ಸೋಮವಾರ ಬೆಳಿಗ್ಗೆ ಬಂದೆ."

"ಹಬ್ಬಾನ?"

"ಸುಮ್ನೆ. ಅಳಿಯನ್ನ ನೋಡಿ ಬಹಳ ದಿನ ಆಗಿತ್ತು. ತಂಗಿ ಮಗ. ಕಂಪ್ಯೂಟರ್ ಡಿಪ್ಲೊಮಾ ಓದ್ತಿದಾನೆ."

ಮಾತು ಆಡಿದ ಮೇಲೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಸೋಮಮ್ಮ ತಲೆಯಾಡಿಸಿ ಮುಂದಕ್ಕೇನೂ ಕೇಳಲಿಲ್ಲ. ಬೃಂದಾಳಿಗೆ ಆಶ್ಚರ್ಯವಾಯಿತು. ಅದಕ್ಕಿಂತ ಹೆಚ್ಚಾಗಿ ಅಸಮಾಧಾನವಾಯಿತು. ಎಲ್ಲರನ್ನೂ ಕೇಳಿದ್ದಾಯಿತು, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ರಾಚಮ್ಮ ಓಡಿಬಂದಳು. ಕೈಯಲ್ಲಿ ಟ್ಯಾಬ್ಲೆಟ್ಟು. ಅದರ ಮೇಲೆ ಸುತ್ತಿದ ವೈರು, ಪೆನ್ನು, ಸಿ.ಡಿ.

"ಸಿಕ್ತು ಕಣವ್ವ! ನಕ್ಸೆ ಇಂದ್ಗಡೆ ಇತ್ತು. ದೂಳು ಒಡೀತಿದ್ದೆ—"

ಸ್ಟಾಫ್ ರೂಮಿನ ಮೂಲೆಯಲ್ಲಿ ಸುತ್ತಿಟ್ಟ ಭೂಪಟಗಳ ಹಿಂದೆ ಸಿಕ್ಕಿತ್ತು. ಅವಳ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ಒಂದಿಷ್ಟು ನಗು. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

"ನೋಡಿದ್ರಾ?" ಎಂದರು ಚಲುವರಾಜು. "ಬಚ್ಚಿಟ್ಟವರಿಗೇ ಜಾಗ ಗೊತ್ತಿರೋದು. ಸ್ಟೇಷನ್ ಅಂದೆ, ಹೆದರ್ಕೊಂಡು ತಂದ್ಲು. ಕಂಪ್ಲೇಂಟ್ ಬೇಡ, ಬುಡಿ. ಆದ್ರೆ ನಾಳೆಯಿಂದ ಇವಳು ಕೆಲಸಕ್ಕೆ ಬರೋದು ಬೇಡ."

ಕೋಣೆಯಲ್ಲಿ ಎಲ್ಲರೂ ಇದ್ದರು.  ಗುರುಸ್ವಾಮಿ ಮೇಷ್ಟ್ರು ಭೂಪಟಗಳ ಕಡೆ ನೋಡುತ್ತಿದ್ದರು. ಮಾತಾಡಿದ್ದು ಸೋಮಮ್ಮ ಒಬ್ಬರೇ.

"ನಾಳೆ ನೀವೆಲ್ಲಾ ಬರೆದು ನೋಡಿ ಆರಿಸೋ ದಿನ ಅಲ್ವೇನಪ್ಪ? ಅದು ಮುಗೀಲಿ. ಅಲ್ಲಿ ತನ್ಕ ರಾಚಮ್ಮ ಇರ್ಲಿ. ನಾನೂ ಬತ್ತೀನಿ. ಯಾವುದು ಒಳ್ಳೇದು ಅಂತ ನಂಗೂ ನೋಡ್ಬೇಕು."

ಬುಧವಾರ ಹನ್ನೊಂದು ಗಂಟೆ. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ಶಶಿಕುಮಾರ್ ದೊಡ್ಡ ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಪ್ರೊಜೆಕ್ಟರ್ ಹಚ್ಚಿದ. ಗೋಡೆಯ ಮೇಲೆ ಬೆಳ್ಳನೆ ಚೌಕ ಬಿತ್ತು. ಸೋಮಮ್ಮ ಎಲ್ಲರ ಹಾಗೆ ಗೋಡೆಯ ಕಡೆ ಕೂರಲಿಲ್ಲ. ಗೋಡೆಗೆ ಬೆನ್ನು ಹಾಕಿ, ಬರೆಯುವವರಿಗೆ ಎದುರಾಗಿ ಕುರ್ಚಿ ಹಾಕಿಸಿಕೊಂಡರು. ವಯಸ್ಸಾದವರು, ಬೆಳಕು ಕಣ್ಣಿಗೆ ಚುಚ್ಚುತ್ತದೇನೋ ಎಂದುಕೊಂಡಳು ಬೃಂದಾ.

"ಮೊದ್ಲು ನೀನು ಬರೆಯಪ್ಪ ಶಶಿ. ಗೊತ್ತಿರೋನು."

ಶಶಿಕುಮಾರ್ ಗೋಡೆ ನೋಡುತ್ತ ತನ್ನ ಅಂಗಡಿಯ ಹೆಸರನ್ನು ಸಲೀಸಾಗಿ ಬರೆದು ಅಳಿಸಿದ.

ಆಮೇಲೆ ಚಲುವರಾಜು. ಪೆನ್ನನ್ನು ಹಾರೆಯಂತೆ ಮುಷ್ಟಿಯಲ್ಲಿ ಹಿಡಿದರು. ತಲೆ ಬಗ್ಗಿಸಿ, ಟ್ಯಾಬ್ಲೆಟ್ಟಿನ ಮೇಲೆ ಕಣ್ಣು ನೆಟ್ಟು ಶ್ರೀ ಬರೆದರು. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಅದು ಮೂಲೆಗೆ ಜಾರಿ, ಅರ್ಧ ಹೊರಗೇ ಹೋಗಿತ್ತು. ಎಲ್ಲರೂ ನಕ್ಕರು.

ಬೃಂದಾ ಕೂತಳು. ಅವಳೂ ಶ್ರೀ ಬರೆದಳು. ಚಿಕ್ಕದರಲ್ಲಿ ಒಂದಿಷ್ಟು ರೂಢಿಯಾಗಿದ್ದರೂ ಕಣ್ಣು ಮಾತ್ರ ಮತ್ತೆ ಮತ್ತೆ ಕೈಯ ಕಡೆಗೇ ಇಳಿಯುತ್ತಿತ್ತು. ಒಂದು ಸಮೀಕರಣ ಬರೆಯುವಷ್ಟರಲ್ಲಿ ಸಾಲು ಏಣಿ ಹತ್ತಿತ್ತು. ಆದರೂ ಒತ್ತಕ್ಷರ ಸ್ಪಷ್ಟವಾಗಿ ಮೂಡಿದವು.

"ರಾಚಮ್ಮ, ನೀನೂ ಬಾರವ್ವ," ಎಂದರು ಸೋಮಮ್ಮ.

"ಇವಳ್ಯಾಕೆ ಮೇಡಂ?"

"ಇರ್ಲಿ ಬುಡಪ್ಪ. ಕದ್ದವಳು ಅಂತೀಯಲ್ಲ, ಕದ್ದ ವಸ್ತು ಹೆಂಗೆ ಬಳಸ್ತಾಳೆ ನೋಡೋಣ."

ರಾಚಮ್ಮ ಪೆನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬಗ್ಗಿ ತನಗೆ ಬರುವ ಮೂರೇ ಅಕ್ಷರವನ್ನು, ತನ್ನ ಹೆಸರನ್ನು, ಬರೆದಳು. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಟ್ಯಾಬ್ಲೆಟ್ಟಿನ ಕಪ್ಪು ಮೈಯನ್ನೇ ಸವರಿ ನೋಡಿ, "ಏನೂ ಮೂಡ್ನಿಲ್ವಲ್ಲವ್ವಾ. ಪೆನ್ನಲ್ಲಿ ಇಂಕಿಲ್ವಾ?" ಎಂದಳು.

"ಸಾಕು, ಕೂತ್ಕೊ. ಮೇಷ್ಟ್ರೇ, ಈಗ ನೀವು."

"ನಾನು ಯಾಕೆ?"

"ನಾಲ್ಕೂರಿಗೆ ಪಾಠ ಮಾಡೋರು ನೀವು. ಒಂದ್ಸಲ ಮುಟ್ಟಿ."

ಗುರುಸ್ವಾಮಿ ನಿಧಾನವಾಗಿ ಎದ್ದರು. ಕನ್ನಡಕ ಸರಿಮಾಡಿಕೊಂಡರು. ಪೆನ್ನು ಹಿಡಿದು ಗೋಡೆಯ ಕಡೆ ನೋಡಿದರು. ನೋಡನೋಡುತ್ತಿದ್ದಂತೆ ಅಲ್ಲೊಂದು ತ್ರಿಕೋನ ಮೂಡಿತು. ಮೂಲೆಗೊಂದು ಅಕ್ಷರ. ಕೆಳಗೆ ಪ್ರಮೇಯದ ಮೂರು ಸಾಲು, ಅಚ್ಚಿನಲ್ಲಿ ಹಾಕಿದಷ್ಟು ದುಂಡಗೆ. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಸೋಮಮ್ಮ ಒಮ್ಮೆ ಹಿಂದೆ ತಿರುಗಿ ಗೋಡೆ ನೋಡಿದರು. ಬೃಂದಾಳಂತೂ ಮೈಮರೆತು ಚಪ್ಪಾಳೆ ಹೊಡೆದಳು. ತನ್ನ ಮೇಷ್ಟ್ರು ಸೋಲುವವರಲ್ಲ ಎಂದು ಹಿಗ್ಗಿದಳು.

"ದೊಡ್ಡದೇ ಇರ್ಲಿ," ಎಂದರು ಚಲುವರಾಜು. "ಮೇಷ್ಟ್ರು ಒಪ್ಪಿದ್ಮೇಲೆ ಮಾತೇ ಇಲ್ಲ."

"ದೀಪ ಹಾಕಿ," ಎಂದರು ಸೋಮಮ್ಮ. "ಆರಿಸಿದ್ದಾಯ್ತು. ಈಗ ಕದ್ದೋರ ಮಾತು. ಮೇಷ್ಟ್ರೇ, ಇದನ್ನ ಎಷ್ಟು ದಿನ ಅಭ್ಯಾಸ ಮಾಡಿದ್ರಿ?"

ಗುರುಸ್ವಾಮಿ ಪೆನ್ನು ಕೆಳಗಿಟ್ಟರು.

"ಏನು— ಏನ್ ಹೇಳ್ತಿದೀರಿ ನೀವು?"

"ನೀವೆಲ್ಲಾ ಗೋಡೆ ನೋಡ್ತಿದ್ರಿ. ನಾನು ಕಣ್ಣು ನೋಡ್ತಿದ್ದೆ. ಇಪ್ಪತ್ತು ವರ್ಷ ಪರೀಕ್ಷೆ ಹಾಲಲ್ಲಿ ನಿಂತವಳು ನಾನು. ಕಾಪಿ ಹೊಡೆಯೋ ಹುಡುಗ ಕೈ ಬಚ್ಚಿಡ್ತಾನೆ, ಕಣ್ಣು ಬಚ್ಚಿಡೋಕಾಗಲ್ಲ. ಈ ಟ್ಯಾಬ್ಲೆಟ್ಟಿನ ಗುಣ ಏನು? ಬರೆಯೋದು ಇಲ್ಲಿ, ಮೂಡೋದು ಅಲ್ಲಿ. ಹುಟ್ಟಿದಾಗಿಂದ ಕೈ ನೋಡಿ ಬರೆದೋರು ಮೊದಲ ಸಲ ಮುಟ್ಟಿದಾಗ ಕೈಯನ್ನೇ ನೋಡ್ತಾರೆ. ಚಲುವರಾಜು ನೋಡ್ದ. ಬೃಂದಾ ನೋಡಿದ್ಲು. ರಾಚಮ್ಮ ಅಂತೂ ಇಂಕು ಹುಡುಕಿದ್ಲು. ಒಂದ್ಸಲವೂ ಕಣ್ಣು ಇಳಿಸದೆ ಬರೆದೋರು ಇಬ್ರೇ. ಇದನ್ನೇ ಮಾರೋ ಶಶಿಕುಮಾರ್, ಇದನ್ನ ಮುಟ್ಟೇ ಇಲ್ಲ ಅಂದ ನೀವು."

ಗುರುಸ್ವಾಮಿ ನಗಲು ನೋಡಿದರು.

"ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ ಕಣ್ರೀ ಇದು. ಮಕ್ಕಳ ಕಡೆ ನೋಡ್ಕೊಂಡೇ ಬೋರ್ಡಲ್ಲಿ ಬರೀತೀನಿ ನಾನು. ಬೇಕಾದ್ರೆ ಬೃಂದಾನ ಕೇಳಿ."

ಬೃಂದಾ ಮೆಲ್ಲಗೆ ತಲೆಯಾಡಿಸಿದಳು. ಅದು ನಿಜವೇ ಆಗಿತ್ತು. ಹಾಗೆಯೇ ಆಗಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು.

"ಒಪ್ಪಿದೆ," ಎಂದರು ಸೋಮಮ್ಮ. "ಅದು ಇರ್ಲಿ. ಇನ್ನೊಂದು ಕೇಳ್ತೀನಿ. ಈ ದೊಡ್ಡ ಪೆನ್ನು ಇವತ್ತೇ ಮೊದಲ ಸಲ ನಿಮ್ಮ ಕೈಗೆ ಬಂದಿದ್ದು?"

"ಹೌದು."

"ಹಾಗಾದ್ರೆ ಶ್ರೀ ಯಾಕೆ ಹಾಕ್ಲಿಲ್ಲ?"

ಮೇಷ್ಟ್ರು ತಿರುಗಿ ಗೋಡೆಯ ಮೇಲಿನ ತ್ರಿಕೋನವನ್ನು ನೋಡಿದರು. 

"ಚಲುವರಾಜು ಹಾಕ್ದ. ಬೃಂದಾ ಹಾಕಿದ್ಲು. ಅಕ್ಷರ ಬರದ ರಾಚಮ್ಮ ಕಣ್ಣಿಗೊತ್ಕೊಂಡ್ಲು. ಹೊಸ ಲೇಖನಿಗೆ ಶ್ರೀ ಹಾಕ್ದೆ ಬರೆದ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದೋರು ನೀವು. ಶುಕ್ರವಾರ ಬೃಂದಾಗೆ ಹೇಳಿಕೊಟ್ಟೋರೂ ನೀವೇ. ಈ ಪೆನ್ನಿಗೆ ಮಾತ್ರ ನೀವು ಹಾಕ್ಲಿಲ್ಲ. ಯಾಕೆ ಅಂದ್ರೆ ನಿಮ್ಮ ಕೈಗೆ ಇದು ಹೊಸದಲ್ಲ. ಶ್ರೀ ಆಗ್ಲೇ ಹಾಕಿ ಆಗಿತ್ತು. ಶನಿವಾರ ರಾತ್ರಿ, ಹೊಸ ಅಗ್ರಹಾರದಲ್ಲಿ, ಅಳಿಯನ ಕಂಪ್ಯೂಟರ್ ಮುಂದೆ. ತಪ್ಪಿದ್ರೆ ಹೇಳಿ."

ಗುರುಸ್ವಾಮಿ ಮೇಷ್ಟ್ರು ಕೂತರು. ಅಂಗೈ ನೋಡಿಕೊಂಡರು.

"ಹುಡುಗನ್ನ ಕರೆಸ್ತೀನಿ ಅಂದ್ರಲ್ಲ ಚಲುವರಾಜು," ಎಂದರು. "ನನ್ನ ಅಕ್ಷರ ನೋಡೋಕೆ ಜನ ಕ್ಲಾಸಿಗೆ ಬರ್ತಿದ್ರು. ಬುಧವಾರ ಎಲ್ಲರ ಮುಂದೆ ಕೋಳಿ ಕೆದರಿದ ಹಾಗೆ ಬರೆದ್ರೆ— ಆ ಅವಮಾನ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಶನಿವಾರ ರಾಚಮ್ಮ ಟೀಗೆ ಹೋದಾಗ ತಗೊಂಡೆ. ಸೋಮವಾರ ಬೆಳಿಗ್ಗೆ ಬೇಗ ಬಂದು, ಅವಳು ಮತ್ತೆ ಟೀಗೆ ಹೋದಾಗ ಇಟ್ಟುಬಿಡೋಣ ಅಂತಿದ್ದೆ. ಬಸ್ಸು ಕೆಟ್ಟು ನಿಂತ್ಕೊಳ್ತು. ಇಲ್ಲಿಗೆ ಬಂದಾಗ ಎಲ್ಲಾ ರಾದ್ಧಾಂತ ಆಗಿತ್ತು. ಚೀಲದಲ್ಲೇ ಇತ್ತು ಆಗ."

"ಆಗಲೇ ಹೇಳಬಹುದಿತ್ತು ಸಾರ್," ಎಂದಳು ಬೃಂದಾ. 

"ಹೇಳಬಹುದಿತ್ತು. ಬಾಯಿ ಬರ್ಲಿಲ್ಲ ಕಣಮ್ಮ. ನಿನ್ನೆ ಬೆಳಿಗ್ಗೆ ನಕ್ಷೆ ಹಿಂದೆ ಇಟ್ಟೆ. ಸಿಕ್ಕಿದ್ರೆ ಎಲ್ಲಾ ಸರಿಹೋಗ್ತದೆ ಅಂದ್ಕೊಂಡೆ."

"ನಿಮಗೆ ಸರಿಹೋಗ್ತಿತ್ತು," ಎಂದರು ಸೋಮಮ್ಮ. "ತಗೊಂಡು ಹೋಗಿದ್ದನ್ನ ನಾನು ದೊಡ್ಡ ತಪ್ಪು ಅನ್ನಲ್ಲ ಮೇಷ್ಟ್ರೇ. ಕಲಿಯೋಕೆ ಆಸೆಪಟ್ರಿ. ಆದ್ರೆ ಆ ಹೆಣ್ಣುಮಗಳು ಕೊಟ್ಟ ನೀರು ಕುಡಿದು, ಅವಳ ಮೇಲೆ ಕಳ್ಳತನ ಬಂದಾಗ ಎದುರಿಗೇ ಕೂತಿದ್ರಲ್ಲ. ಅದಕ್ಕೆ ಕ್ಷಮೆ ಕೊಡೋಳು ನಾನಲ್ಲ."

ಮೇಷ್ಟ್ರು ರಾಚಮ್ಮನ ಕಡೆ ತಿರುಗಿ ಕೈ ಜೋಡಿಸಿದರು. ಅವಳು ಗಾಬರಿಯಾಗಿ ಹಿಂದೆ ಸರಿದಳು, ಆದರೆ ಪರವಾಗಿಲ್ಲ ಎಂದು ಮಾತ್ರ ಹೇಳಲಿಲ್ಲ.

"ನೀವು ದೊಡ್ಡೋರು ಸಾಮಿ, ಕೈ ಮುಗೀಬ್ಯಾಡಿ. ಒಂದ್ಮಾತು ಆಡಿದ್ರೆ ಸಾಕಿತ್ತು. ನನ್ನ ಮಗೀಗೆ ಕ್ಲಾಸ್ನಲ್ಲಿ ಕಳ್ಳಿ ಮಗಳು ಅಂತಾವ್ರೆ. ಅದ್ಕೆ ಏನ್ ಮಾಡೀರಿ?"

ಚಲುವರಾಜು ಗಂಟಲು ಸರಿಮಾಡಿಕೊಂಡರು. "ಆಯ್ತು ಬುಡಿ. ನಮ್ಮ ನಮ್ಮೊಳಗೆ ಮುಗೀತು. ರಾಚಮ್ಮ ಕೆಲಸದಲ್ಲಿರ್ಲಿ. ಹೊರಗೆ ಯಾರೂ ಮಾತಾಡೋದು ಬೇಡ. ನಾಳೆ ಮೊದಲ ಪಾಠ, ನಾಲ್ಕೂರಲ್ಲೂ ಹೆಸರು ಕೆಡಬಾರ್ದು."

"ಅವಳ ಹೆಸರನ್ನ ವರಾಂಡದಲ್ಲಿ ನಿಂತು ಕೆಡಿಸ್ದೋನು ನೀನು," ಎಂದರು ಸೋಮಮ್ಮ.  ಚೀಲ ಎತ್ತಿಕೊಂಡು ಹೊರಟರು.

ಗುರುವಾರ ಹತ್ತು ಗಂಟೆಗೆ ಪಾಠ. ಹುಣಸೂರಿನ ಕೋಣೆಯಲ್ಲಿ ನಲವತ್ತು ಮಕ್ಕಳು, ಉಳಿದ ಮೂರೂರಲ್ಲಿ ಕಂಪ್ಯೂಟರಿನ ಆಚೆ ಇನ್ನೂ ಅಷ್ಟಷ್ಟು. ಬೃಂದಾ ಸಂಪರ್ಕ ನೋಡಿಕೊಳ್ಳುತ್ತಿದ್ದಳು. ಪಿರಿಯಾಪಟ್ಟಣ ಸಿಕ್ಕಿತು, ಕೆ.ಆರ್. ನಗರ ಸಿಕ್ಕ ಮೇಲೆ ಎಚ್.ಡಿ. ಕೋಟೆ ಎರಡು ಸಲ ಕಡಿದು ಮೂರನೇ ಸಲ ನಿಂತಿತು. ಗುರುಸ್ವಾಮಿ ಮೇಷ್ಟ್ರು ಬಂದು ಕೂತರು. ರಾತ್ರಿಯಿಡೀ ನಿದ್ದೆ ಮಾಡದ ಮುಖ. ಇವರು ಪಾಠ ಮಾಡುತ್ತಾರೋ ಇಲ್ಲವೋ ಎಂದು ಬೃಂದಾಳಿಗೆ ಭಯವಾಯಿತು.

ಅವರು ಪೆನ್ನು ಹಿಡಿದು ಬರೆಯತೊಡಗಿದರು. ಗೋಡೆಯ ಮೇಲೆ ದುಂಡನೆಯ ಅಕ್ಷರ ಒಂದೊಂದಾಗಿ ಮೂಡಿದವು. ಮಕ್ಕಳು ಲೆಕ್ಕವೆಂದುಕೊಂಡು ಪೆನ್ನು ಎತ್ತಿದವರು ಅಲ್ಲಿಗೇ ನಿಂತರು. ಯಾರೋ ಒಬ್ಬ ಸದ್ದು ಮಾಡಿದ. ಉಳಿದವರು ಅವನನ್ನು ಸುಮ್ಮನಾಗಿಸಿದರು.

ಬಾಗಿಲಲ್ಲಿ ನೀರಿನ ಬಿಂದಿಗೆ ಹಿಡಿದು ನಿಂತಿದ್ದ ರಾಚಮ್ಮ ಗೋಡೆ ನೋಡಿ ಬೆಚ್ಚಿದಳು. ಅಲ್ಲಿದ್ದ ಅಷ್ಟೂ ಅಕ್ಷರಗಳಲ್ಲಿ ಅವಳಿಗೆ ಗುರುತು ಸಿಕ್ಕಿದ್ದು ಒಂದೇ ಮಾತು.

"ಅದು ನನ್ನೆಸ್ರು ಅಲ್ವಾ? ಯಾಕೆ ನನ್ನೆಸ್ರು ಬರೆದವ್ರೆ? ಪುಟ್ಟಿ, ಇನ್ನೇನಂತೆ ಮಗ?"

ಎರಡನೇ ಸಾಲಿನಲ್ಲಿ ಕೂತಿದ್ದ ಪುಟ್ಟಿ ಎದ್ದು ನಿಂತಳು. ಮೂರು ದಿನದಿಂದ ಅವ್ವನ ಕಡೆ ನೆಟ್ಟಗೆ ನೋಡಿರದ ಹುಡುಗಿ ಈಗ ಅವಳ ಕಡೆಗೇ ತಿರುಗಿ, ಇಡೀ ಕೋಣೆಗೆ ಕೇಳುವಂತೆ ಓದಿದಳು.

"ರಾಚಮ್ಮ ಏನನ್ನೂ ಕದ್ದಿಲ್ಲ. ಈ ಟ್ಯಾಬ್ಲೆಟ್ಟನ್ನು ಹೇಳದೆ ತೆಗೆದುಕೊಂಡು ಹೋದವನು ನಾನು. ಆಕೆಯ ಮೇಲೆ ಆರೋಪ ಬಂದಾಗ ಸುಮ್ಮನಿದ್ದವನೂ ನಾನೇ. ಗುರುಸ್ವಾಮಿ, ಗಣಿತ ಶಿಕ್ಷಕ."

ರಾಚಮ್ಮ ಬಿಂದಿಗೆ ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಎಲ್ಲಾ ಊರಲ್ಲೂ ಕಾಣ್ತದಾ ಇದು?"

"ನಾಲ್ಕೂರಲ್ಲೂ ಕಾಣ್ತಿದೆ ರಾಚಮ್ಮ," ಎಂದಳು ಬೃಂದಾ.

ರಾಚಮ್ಮ ಗೋಡೆಯನ್ನೇ ನೋಡುತ್ತ ನಿಂತಳು.

"ಇನ್ನೊಂದ್ಸಲ ಓದವ್ವ ಮಗಳೇ," ಎಂದಳು. ಪುಟ್ಟಿ ಮತ್ತೆ ಮೊದಲಿನಿಂದ ಓದಿದಳು.